ಇ-ಗಾಡಿಗೆ ಹಿಂದಿನ ಟೈರ್ ಯಾವುದು ಹಾಕಲಿ? ಹೊಸದು ಆಗಲೇ ಸವೆದಿದೆ

ತೊಗರಿಗಂಜ್: ತಲೆ ಕೆಟ್ಟುಹೋಗಿದೆ. ದೀಪಾವಳಿಗೆ ಹಿಂದಿನ ಎರಡೂ ಟೈರ್ ಹೊಸದು ಹಾಕಿಸಿದೆ. ಯುಗಾದಿ ಇನ್ನೂ ಬಂದಿಲ್ಲ, ಆಗಲೇ ಬೋಳು. ಮೇಲಿಂದ ಚಾರ್ಜೂ ನಿಲ್ತಿಲ್ಲ. ಮೊದಲು ಕಲಬುರಗಿ ಗಂಜ್‌ನಿಂದ (ಧಾನ್ಯದ ಮಾರ್ಕೆಟ್) ಶಹಾಬಾದ್‌ಗೆ ಹೋಗಿ ಬಂದ್ರೂ ಆರಾಮಾಗಿ ಉಳೀತಿತ್ತು. ಈಗ ವಾಪಸ್ ಬರುವಾಗ ಮೀಟರ್ ನೋಡ್ತಾನೇ ಓಡಿಸಬೇಕು. ಎಂಆರ್‌ಎಫ್ ಹಾಕಲೋ, ಅಪೊಲೊನೋ, ಸಿಯೆಟ್ಟೋ? ಬೇಗ ಹೇಳಿ, ತೊಗರಿ ಸೀಸನ್ ನಡೀತಿದೆ.

ಸೇಡಂ_ರೋಡ್: ಯಾವ ಗಾಡಿ, ಯಾವ ಸೈಜ್, ಎಷ್ಟು ಲೋಡ್, ಗಾಳಿ ಎಷ್ಟು? ಇದ್ಯಾವುದೂ ಬರೆಯದೆ ಬರೀ ಕಂಪನಿ ಹೆಸರು ಕೇಳಿದ್ರೆ ಏನು ಹೇಳೋದ್ರಿ?

ತೊಗರಿಗಂಜ್: ಸಣ್ಣ ಬ್ಯಾಟರಿ ಗೂಡ್ಸ್ ಗಾಡಿ, ನಾಲ್ಕು ಚಕ್ರದ್ದು. 13 ಇಂಚು. ಲೋಡ್ ನಾರ್ಮಲ್. ಗಾಳಿ ಅಂಗಡಿಯವನೇ ನೋಡ್ಕೊಳ್ತಾನೆ.

ಗೆರೆ_ನೇರ: ಅಲೈನ್‌ಮೆಂಟ್, ಅಂದ್ರೆ ಚಕ್ರ ನೇರ ಇರೋದು, ಹೋಗಿದೆ. ನೂರಕ್ಕೆ ನೂರು. ಜೇವರ್ಗಿ ಕಡೆ ಒಂದು ಗುಂಡಿಗೆ ಬಿದ್ದಿರುತ್ತೆ, ಅಷ್ಟೇ. ಮೊದಲು ಅಲೈನ್‌ಮೆಂಟ್ ಮಾಡಿಸಿ, ಆಮೇಲೆ ಟೈರ್ ಮಾತು.

ಸೇಡಂ_ರೋಡ್: ಹಿಂದಿನದ್ದು ಪಟ್ಟಿ ಸ್ಪ್ರಿಂಗ್ (ಲೀಫ್ ಸ್ಪ್ರಿಂಗ್) ಮೇಲೆ ಕೂತ ಗಟ್ಟಿ ಆಕ್ಸಲ್. ಅದಕ್ಕೆ ಏನು ಅಲೈನ್‌ಮೆಂಟ್ ಮಾಡ್ತೀರಾ? ತಿರುಗಿಸೋಕೆ ಅಲ್ಲಿ ಏನೂ ಇಲ್ಲ.

ಗೆರೆ_ನೇರ: ಆಕ್ಸಲ್ ಹಿಡಿದಿರೋ ಯು-ಬೋಲ್ಟ್ ಸಡಿಲ ಆದ್ರೆ ಅದು ಓರೆ ಆಗುತ್ತೆ. ನಾನು ಕಣ್ಣಾರೆ ನೋಡಿದೀನಿ.

ಸೇಡಂ_ರೋಡ್: ಆಗಬಹುದು. ಆದ್ರೆ ಓರೆ ಆದ ಆಕ್ಸಲ್ ಎರಡೂ ಟೈರನ್ನ ಒಂದೇ ಥರ ತಿನ್ನಲ್ಲ.

ಬೀದರ್_ಇವಿ: ನನ್ನ ಗಾಡಿಗೆ ನಾಲ್ಕಕ್ಕೂ ನೈಟ್ರೋಜನ್. ವಾಲ್ವ್ ಕ್ಯಾಪ್ ಜಾಗದಲ್ಲಿ ಸೆನ್ಸರ್, ಗಾಳಿ ಎಷ್ಟಿದೆ ಅಂತ ಫೋನಲ್ಲೇ ಕಾಣುತ್ತೆ. ಕ್ಯಾಬಿನ್‌ನಲ್ಲಿ ಫ್ಯಾನೂ ಇದೆ. ಹುಮನಾಬಾದ್‌ಗೆ ಎಕೋ ಮೋಡಲ್ಲಿ ಹೋಗ್ತೀನಿ, ಒಂದು ದಿನ ತೊಂದರೆ ಇಲ್ಲ. ಎಲ್ಲಾ ನೈಟ್ರೋಜನ್ ಮಹಿಮೆ.

ಪಂಕ್ಚರ್_ಕಾಕಾ: ಸುಮ್ನೆ ಸಿಗೋ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ ತಮ್ಮಾ. ನಿಂದು ಚೆನ್ನಾಗಿರೋದು ಸೆನ್ಸರ್ ನೋಡ್ಕೊಂಡು ಗಾಳಿ ಸರಿಯಾಗಿ ಇಡ್ತೀಯಲ್ಲ, ಅದಕ್ಕೆ.

ತೊಗರಿಗಂಜ್ ಅವರೇ, ಟೈರ್ ಎಲ್ಲಿ ಸವೆದಿದೆ? ನಡುವೆಯೋ, ಎರಡೂ ಅಂಚಲ್ಲೋ? ಹಾಗೇ ಮುಂದಿನ ಮತ್ತು ಹಿಂದಿನ ಟೈರಿನ ಪಕ್ಕದ ಗೋಡೆ ಮೇಲೆ ಏನು ಬರೆದಿದೆ ಅಂತ ಇದ್ದದ್ದು ಇದ್ದಂಗೆ ಬರೀರಿ.

ಬೀದರ್_ಇವಿ: ವಿಮಾನಕ್ಕೂ ನೈಟ್ರೋಜನ್ನೇ ಹಾಕೋದು ಕಾಕಾ. ನೀವು ಹಳೇ ಕಾಲದವರು.

ಪಂಕ್ಚರ್_ಕಾಕಾ: ನಿನ್ನ ಗಾಡಿ ಹಾರೋ ದಿನ ನಾನೇ ಫ್ರೀಯಾಗಿ ತುಂಬಿಸ್ತೀನಿ.

ತೊಗರಿಗಂಜ್: ಎರಡೂ ಅಂಚು ನುಣ್ಣಗಾಗಿದೆ, ನಡುವೆ ಗೆರೆ ಇನ್ನೂ ಇದೆ. ಮುಂದೆ ಗಾಡಿ ಜೊತೆ ಬಂದಿದ್ದು: 155 ಆರ್13 ಎಲ್‌ಟಿ 8ಪಿಆರ್, 90/88. ಹಿಂದೆ: 155/80 ಆರ್13 79ಟಿ. ಎರಡೂ 155, ಎರಡೂ 13. ಅಂಗಡಿಯವನು ಸೇಮ್ ಸೈಜ್ ಅಂದ, ರಿಮ್ಮಿಗೆ ಸರಿಯಾಗೇ ಕೂತಿದೆ. ಗಾಳಿ 35 ಇಡ್ತಾನೆ. ಲೋಡ್ ಎಂಟು ಚೀಲ, ಕ್ವಿಂಟಾಲ್ ಚೀಲ.

ಸೇಡಂ_ರೋಡ್: ಅಯ್ಯೋ! ಅದು ಕಾರ್ ಟೈರ್ ರೀ!

ಪಂಕ್ಚರ್_ಕಾಕಾ: ಹೌದು. ಎಲ್‌ಟಿ ಅಂದ್ರೆ ಲೈಟ್ ಟ್ರಕ್ ಟೈರ್, 8ಪಿಆರ್ ಅಂದ್ರೆ ಎಂಟು ಪದರದಷ್ಟು ಗಟ್ಟಿ. ಸೈಜ್ ಒಂದೇ ಥರ ಕಂಡ್ರೂ ಭಾರ ಹೇಳೋ ಕೊನೆಯ ನಂಬರ್ ಬೇರೆ. 79 ಅಂದ್ರೆ ಒಂದು ಟೈರ್ ಹೊರೋದು 437 ಕೆಜಿ. 90 ಅಂದ್ರೆ 600 (88 ಜೋಡಿ ಚಕ್ರದ ಲೆಕ್ಕ). ಹಿಂದಿನ ಎರಡೂ ಸೇರಿ ನಿಮಗೆ ಇರೋದು 874, ಇರಬೇಕಾದ್ದು 1200. ತೊಗರಿಯೇ 800 ಕೆಜಿ, ಅದರಲ್ಲಿ ಜಾಸ್ತಿ ಪಾಲು ಹಿಂದಿನ ಆಕ್ಸಲ್ ಮೇಲೆ. ಖಾಲಿ ಗಾಡಿಯ ಹಿಂಭಾಗದ ಭಾರವನ್ನೂ ಸೇರಿಸಿ ನೋಡಿ. ಟೈರ್ ಹೊಟ್ಟೆ ಬಿಟ್ಕೊಂಡು ಅಂಚಿನ ಮೇಲೆ ಓಡುತ್ತೆ, ಅದಕ್ಕೇ ಅಂಚು ಬೋಳು. ಹಾಗೆ ಮಡಚಿ ಬಿಚ್ಚಿ ಬಿಸಿ ಆಗೋಕೆ ಬೇಕಾದ ಶಕ್ತಿ ನಿಮ್ಮ ಬ್ಯಾಟರಿಯಿಂದಲೇ ಹೋಗೋದು. ಹಳೇ ಸವೆದ ಟೈರ್‌ಗಿಂತ ಹೊಸದು ಸ್ವಲ್ಪ ಭಾರವಾಗಿ ಉರುಳೋದು ಇದ್ದದ್ದೇ, ಆದ್ರೆ ಚಾರ್ಜ್ ಇಷ್ಟೊಂದು ಇಳಿಯಲ್ಲ.

ಗೆರೆ_ನೇರ: ಆದ್ರೂ ಒಮ್ಮೆ ಅಲೈನ್‌ಮೆಂಟ್ ಚೆಕ್ ಮಾಡಿಸಿ.

ತೊಗರಿಗಂಜ್: ಟಿ ಅಂದ್ರೆ ಜಾಸ್ತಿ ಸ್ಪೀಡ್ ತಡೆಯೋ ಟೈರ್ ಅಂತ ದುಡ್ಡೂ ಜಾಸ್ತಿ ತಗೊಂಡ.

ಸೇಡಂ_ರೋಡ್: ಟಿ ಅಂದ್ರೆ ಗಂಟೆಗೆ 190 ಕಿಮೀ. ತೊಗರಿ ಚೀಲ ಹಾಕ್ಕೊಂಡು 190 ಹೋಗ್ತೀರಾ?

ಕಪನೂರ್_ಇ3: ಹಂಗಾದ್ರೆ ಸದ್ಯಕ್ಕೆ ಗಾಳಿ 65 ಹಾಕಿ ಓಡಿಸಿ, ಅಂಚು ನೆಲ ಬಿಡುತ್ತೆ.

ಪಂಕ್ಚರ್_ಕಾಕಾ: ಬೇಡ! 65 ಎಲ್‌ಟಿ 8ಪಿಆರ್ ಟೈರಿನ ಲೆಕ್ಕ. ಕಾರ್ ಟೈರಿನ ಗೋಡೆ ಮೇಲೆ ಮ್ಯಾಕ್ಸ್ ಬರೆದಿರುತ್ತೆ, ಅದನ್ನ ದಾಟಿದ್ರೆ ಸಿಡಿಯಬಹುದು. ಬೇರೆ ಟೈರ್ ಬರೋವರೆಗೆ ಲೋಡ್ ಅರ್ಧಕ್ಕೆ ಇಳಿಸಿ.

ಕೊಳ್ಳುವಾಗ ಕಂಪನಿ ಆಮೇಲೆ. ಮೊದಲು ಎಲ್‌ಟಿ, 8ಪಿಆರ್, 90/88 ಇದೆಯಾ ನೋಡಿ. ರೇಡಿಯಲ್ಲೇ (ಸೈಜಿನಲ್ಲಿ ಆರ್ ಇರೋದು) ಇರಲಿ, ನೈಲಾನ್ ಟೈರ್ ಭಾರ ಉರುಳುತ್ತೆ. ಉದ್ದ ಗೆರೆಯ ರಿಬ್ ಸಾಕು. ಕಟ್ಟೆ ಕಟ್ಟೆ ಇರೋ ಲಗ್ ಹೊಲದ ಕರಿಮಣ್ಣಿಗೆ ಚೆನ್ನ, ಡಾಂಬರ್ ಮೇಲೆ ಚಾರ್ಜ್ ತಿನ್ನುತ್ತೆ. ಟೈರ್ ಗೋಡೆ ಮೇಲೆ ಡಿಓಟಿ (DOT) ಅಂತ ಬರೆದಿರೋದರ ಪಕ್ಕದ ಕೊನೆಯ ನಾಲ್ಕು ಅಂಕೆ ನೋಡಿ: 1425 ಅಂದ್ರೆ 2025ರ 14ನೇ ವಾರದ ಮಾಲು. ಬಾಗಿಲ ಹತ್ರದ ಸ್ಟಿಕ್ಕರ್‌ನಲ್ಲಿರೋ ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ಹಾಕಿಸಿ. ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲಿಗೆ ಮಧ್ಯಾಹ್ನ ಪ್ರೆಶರ್ ಏರಿದೆ ಅಂತ ಗಾಳಿ ಬಿಡಬೇಡಿ.

ತೊಗರಿಗಂಜ್: ಸೂಪರ್ ಮಾರ್ಕೆಟ್ ಏರಿಯಾದ ಅಂಗಡೀಲಿ ವಿಚಾರಿಸಿದೆ. ಎಲ್‌ಟಿ 12 ಇಂಚು ಇದೆ, 13 ಆರ್ಡರ್ ಹಾಕಬೇಕಂತೆ. ಹಾಕಿದೀನಿ. ಕಂಪನಿ ಯಾವುದು ಅಂತ ಯಾರೂ ಹೇಳಲೇ ಇಲ್ಲ.

ಬೀದರ್_ಇವಿ: ಯಾವುದಾದ್ರೂ ಹಾಕಿ, ನೈಟ್ರೋಜನ್ ತುಂಬಿಸಿ.

ಕಪನೂರ್_ಇ3: ಆ ಕಾರ್ ಟೈರ್ ಮಾರ್ತೀರಾ? ನಮ್ಮ ಮಾವನ ಕಾರಿಗೆ 155/80ನೇ ಬೇಕು.

ಪಂಕ್ಚರ್_ಕಾಕಾ: ಮಾವನ ಮೇಲೆ ಏನು ಸಿಟ್ಟು?