ರಸ್ತೆಯಲ್ಲೋ ಪೇಪರಿನಲ್ಲೋ ನೋಡಿದ, ಮರೆಯಲಾಗದ ಜಾಹೀರಾತು ಯಾವುದು?

ಕಾಫಿಪುಡಿ: ಟಿವಿ, ಮೊಬೈಲ್ ಬಿಡಿ. "ಅರೆ, ಇದೇನಪ್ಪಾ!" ಅನ್ನಿಸಿದ ಜಾಹೀರಾತು ಹೇಳಿ. ನನ್ನದು 2010ರ ಸೆಪ್ಟೆಂಬರಿನ ಫೋಕ್ಸ್‌ವ್ಯಾಗನ್ ವೆಂಟೊ. ಪೇಪರಿನೊಳಗೆ ಅಂಟಿಸಿದ್ದ ಪುಟ್ಟ ಡಬ್ಬಿ, ಪುಟ ಬಿಡಿಸಿ ಬೆಳಕು ಬಿದ್ದ ಕೂಡಲೇ ಕಾರಿನ ಗುಣಗಾನ ಶುರು ಮಾಡುತ್ತಿತ್ತು!

ಹಳೇಪೇಪರ್: 2013ರ ಕುಂಭಮೇಳದ ರೊಟ್ಟಿ. ಅಲಹಾಬಾದಿನ ಢಾಬಾಗಳಲ್ಲಿ ಬಿಸಿ ರೊಟ್ಟಿ ಮೇಲೆ "ಲೈಫ್‌ಬಾಯ್‌ನಿಂದ ಕೈ ತೊಳೆದಿರಾ?" ಅಂತ ಹಿಂದಿಯಲ್ಲಿ ಮುದ್ರೆ ಒತ್ತುತ್ತಿದ್ದರು. ಶಾಯಿ ಇಲ್ಲ, ಬರೀ ಕಾವಿನ ಗುರುತು. ಸುಮಾರು 25 ಲಕ್ಷ ರೊಟ್ಟಿ. ತಿನ್ನೋಕೆ ಕೂತವನ ಕೈಗೇ ಪ್ರಶ್ನೆ ಕೊಟ್ಟಿದ್ದಾರೆ, ಜಾಗ ಸಮಯ ಎರಡೂ ಸರಿಯಾಗಿ ಹಿಡಿದಿದ್ದಾರೆ, ಅಲ್ವಾ?

ಮಳೆಗಾಲ: ಐಡಿಯಾ ಚೆನ್ನಾಗಿದೆ, ಆದರೆ ತಟ್ಟೆಯನ್ನಾದರೂ ಬಿಡಬಾರದಾ ಇವರು? ನನಗೆ ಇಷ್ಟವಾಗಿದ್ದು ಪೆರುವಿನ ಲಿಮಾದ್ದು. ಅಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು, ಗಾಳಿಯಲ್ಲಿ ಮಾತ್ರ ತೇವ ಜಾಸ್ತಿ. ಯುಟೆಕ್ ಅನ್ನೋ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ವಿದ್ಯಾರ್ಥಿಗಳನ್ನು ಸೆಳೆಯೋಕೆ ಒಂದು ಹೋರ್ಡಿಂಗ್ ಹಾಕಿತು. ಅದರೊಳಗಿನ ಯಂತ್ರ ಗಾಳಿಯ ತೇವವನ್ನು ನೀರಾಗಿಸಿ, ಸೋಸಿ, ಕೆಳಗಿನ ನಲ್ಲಿಗೆ ಬಿಡುತ್ತಿತ್ತು. ದಿನಕ್ಕೆ ಸುಮಾರು 96 ಲೀಟರ್! ಜನ ಬಿಂದಿಗೆ, ಬಕೆಟ್ ಹಿಡಿದು ಬರುತ್ತಿದ್ದರು. "ನಾವು ಎಂಜಿನಿಯರಿಂಗ್ ಕಲಿಸುತ್ತೇವೆ" ಅಂತ ಇದಕ್ಕಿಂತ ಚೆನ್ನಾಗಿ ಹೇಳೋದು ಹೇಗೆ?

ಫ್ಲೆಕ್ಸ್‌ವಿರೋಧಿ: ನಮ್ಮ ಬೆಂಗಳೂರಲ್ಲಿ 2018ರಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಫ್ಲೆಕ್ಸ್ ಕಿತ್ತರಲ್ಲ, ಆಗ ಎಷ್ಟೋ ಕಡೆ ಮೊದಲ ಸಲ ಆಕಾಶ ಕಂಡಿತು. ನನ್ನ ವೋಟು ಆ ಖಾಲಿ ಕಂಬಗಳಿಗೆ.

ಕಾಫಿಪುಡಿ: ಹಹ್ಹ, ಅದು ಯಾವ ಬ್ರ್ಯಾಂಡು ಸ್ವಾಮಿ?