ಟ್ರೈ-ಆಂಗ್ ಜಿಂಟಿ ಆಟಿಕೆ ರೈಲು ಎಂಜಿನ್ (ಆರ್52): ಹಳಿಗೆ ಇಟ್ಟ ಕೂಡಲೇ ಶಾರ್ಟ್. ಎಕ್ಸ್04 ಮೋಟಾರಿನಲ್ಲಿ ಎಲ್ಲಿ ಹುಡುಕಬೇಕು?

ಕಾಳಿ_ದಂಡೆ (ಕಾರವಾರ)

ಎಂಜಿನ್: ಟ್ರೈ-ಆಂಗ್‌ನ ಹಳೆ ಜಿಂಟಿ, 0-6-0 ಟ್ಯಾಂಕ್ (ಆರು ಗಾಲಿಯದು), ಓಓ ಅಳತೆ (ನಿಜ ರೈಲಿನ 1/76), 12 ವೋಲ್ಟ್ ಡಿಸಿ. ಒಳಗೆ ಎಕ್ಸ್04 ಮೋಟಾರ್.

ಹಳಿ ಮೇಲೆ ಇಟ್ಟು ಕಂಟ್ರೋಲರ್ ಸ್ವಲ್ಪ ತಿರುಗಿಸಿದರೂ ಕಟೌಟ್ (ಶಾರ್ಟ್ ಆದರೆ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ. ಎಂಜಿನ್ ಅಲುಗುವುದೇ ಇಲ್ಲ. ಅದೇ ಹಳಿಯಲ್ಲಿ ಬೇರೆ ಎಂಜಿನ್ ಚೆನ್ನಾಗಿ ಓಡುತ್ತದೆ, ಹಾಗಾಗಿ ದೋಷ ಇದರೊಳಗೇ ಇದೆ. ಎಡಗಾಲಿಗೂ ಬಲಗಾಲಿಗೂ ಮೀಟರ್ ಹಿಡಿದರೆ 0.3 ಓಂ. ಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗಿಸಿದರೂ ಅಷ್ಟೇ ತೋರಿಸುತ್ತದೆ. ಮಳೆಗಾಲಕ್ಕೆ ಮೊದಲು ಮೋಟಾರ್ ಪೂರ್ತಿ ಬಿಚ್ಚಿ, ತೊಳೆದು ಜೋಡಿಸಿದ್ದು, ಗಾಲಿಗಳನ್ನು ಮುಟ್ಟಿಲ್ಲ. ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ತಂತಿ ಸುರುಳಿ) ಸುಟ್ಟಿರಬಹುದೇ? ಹೊಸದು ತರಿಸಬೇಕೇ?

ಶಿರಸಿ_ಓಓ

ಆರ್ಮೇಚರ್ ಈಗಲೇ ತರಿಸಬೇಡಿ ಸರ್. ಸುರುಳಿ ಸುಟ್ಟರೆ ಸಾಮಾನ್ಯವಾಗಿ ಒಂದು ಕಡೆ ಓಂ ಕಡಿಮೆ ಬರುತ್ತದೆ, ಇಲ್ಲವೇ ತಂತಿ ಕಡಿದು ಏನೂ ಬರುವುದಿಲ್ಲ. ಹೀಗೆ ನೇರ ಸೊನ್ನೆಗೆ ಬರುವುದು ಅಪರೂಪ. ಬಿಚ್ಚಿ ಜೋಡಿಸಿದ ಮೇಲೆ ಬಂದ ಶಾರ್ಟ್ ಆದ್ದರಿಂದ ಮೊದಲು ಬ್ರಶ್ (ತಿರುಗುವ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ಒತ್ತುವ ಸ್ಪ್ರಿಂಗ್ ನೋಡಿ.

ಎಕ್ಸ್04ರಲ್ಲಿ ಎರಡು ಬ್ರಶ್‌ಗೂ ಸೇರಿ ಒಂದೇ ಸ್ಪ್ರಿಂಗ್, ಅದಕ್ಕೆ ಎರಡು ಕಾಲು. ಬರಿ ಕಾಲು ಒತ್ತುವ ಬ್ರಶ್‌ಗೆ ಚಾಸಿಯ (ಒಂದು ಬದಿಯ ಗಾಲಿಗೆ ಸೇರಿದ ಲೋಹದ ಚೌಕಟ್ಟಿನ) ಕರೆಂಟ್ ಹೋಗುವುದು ಆ ಸ್ಪ್ರಿಂಗ್ ಮೂಲಕವೇ. ಇನ್ನೊಂದು ಕಾಲಿಗೆ ಸಣ್ಣದೊಂದು ಕೊಳವೆ ತೊಡಿಸಿರುತ್ತಾರೆ, ಇನ್ನೊಂದು ಬದಿಯ ಗಾಲಿಗೆ ತಾಗುವ ಪಿಕಪ್ ಪಟ್ಟಿಯಿಂದ ಬರುವ ಕರೆಂಟ್ ಸ್ಪ್ರಿಂಗಿಗೆ ತಾಗದಿರಲಿ ಅಂತ. ಅಕ್ಕಿಕಾಳಿಗಿಂತ ದೊಡ್ಡದಲ್ಲ ಆ ಕೊಳವೆ. ತೊಳೆಯುವಾಗ ಜಾರಿ ಹೋದರೆ ಗೊತ್ತೇ ಆಗುವುದಿಲ್ಲ. ಅದಿಲ್ಲದಿದ್ದರೆ, ಅಥವಾ ಸ್ಪ್ರಿಂಗ್ ಎಡ-ಬಲ ಅದಲುಬದಲಾಗಿ ಕೂತಿದ್ದರೆ, ಪಿಕಪ್ಪಿನಿಂದ ಚಾಸಿಗೆ ನೇರ ದಾರಿ. ನೀವು ಹೇಳಿದ ಲಕ್ಷಣ ಇದೇ.

ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ. ಎರಡು ಬ್ರಶ್‌ಗಳಿಗೂ ಕಮ್ಯುಟೇಟರಿಗೂ (ಬ್ರಶ್ ಉಜ್ಜುವ, ಆರ್ಮೇಚರಿನ ತಾಮ್ರದ ಭಾಗ) ನಡುವೆ ಪೋಸ್ಟ್‌ಕಾರ್ಡ್ ದಪ್ಪದ ಕಾಗದದ ಚೂರು ತೂರಿಸಿ, ಗಾಲಿಗಳ ನಡುವೆ ಮತ್ತೆ ಅಳೆಯಿರಿ. ಈಗಲೂ 0.3 ಬಂದರೆ ಆರ್ಮೇಚರ್ ನಿರ್ದೋಷಿ. ಆಮೇಲೆ ಸ್ಪ್ರಿಂಗ್ ಪೂರ್ತಿ ತೆಗೆದು ಅಳೆಯಿರಿ. ಶಾರ್ಟ್ ಹೋಯಿತೇ, ಸ್ಪ್ರಿಂಗಿನದೇ ತಪ್ಪು. ಸ್ಪ್ರಿಂಗ್ ತೆಗೆದರೂ ಉಳಿದರೆ ಪಿಕಪ್ ಪಟ್ಟಿ ಚಾಸಿಗೆ ತಾಗಿದೆ, ಅಥವಾ ಗಾಲಿಯ ಇನ್ಸುಲೇಶನ್ ಮೇಲೆ ಲೋಹದ ಪುಡಿ ಕೂತಿದೆ.

ಕೊಳವೆ ಮಾಡಲು ಸಣ್ಣ ಸಿಂಗಲ್ ವೈರಿನ ಮೇಲ್ಪದರ 5-6 ಮಿಮೀ ಎಳೆದು ತೆಗೆದರೆ ಸಾಕು. ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ, ಟೆಫ್ಲಾನ್ ವೈರ್ ಸಿಕ್ಕರೆ ಅದೇ ಒಳ್ಳೆಯದು.

ಸ್ಪ್ರಿಂಗ್ ತೆಗೆದಾಗಲೇ ಕಮ್ಯುಟೇಟರ್ ನೋಡಿಬಿಡಿ. ಮೂರು ತಾಮ್ರದ ತುಂಡು, ನಡುವೆ ಮೂರು ಸಂದು. ಸಂದಿನಲ್ಲಿ ಕಾರ್ಬನ್ ಪುಡಿ, ಎಣ್ಣೆ ಸೇರಿ ಕಪ್ಪು ಮೇಣದಂತೆ ಕೂತಿರುತ್ತದೆ. ಕಡ್ಡಿಯ ಚೂಪು ತುದಿಯಿಂದ ಮಾತ್ರ ಕೆರೆಯಿರಿ, ಚಾಕು ಬೇಡ. ಆಮೇಲೆ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಸ್ಯಾಂಡ್‌ಪೇಪರ್ ಹಾಕಿದರೆ ಗೀರು ಬಿದ್ದು ಬ್ರಶ್ ಬೇಗ ಸವೆಯುತ್ತದೆ. ಕೊನೆಗೆ ತುಂಡು 1-2, 2-3, 3-1 ನಡುವೆ ಓಂ ಅಳೆಯಿರಿ. ಮೂರೂ ಸಮ ಇರಬೇಕು.

ಕಾಳಿ_ದಂಡೆ

ಕೊಳವೆ ಇರಲೇ ಇಲ್ಲ! ಟೆಫ್ಲಾನ್ ವೈರಿನದು 6 ಮಿಮೀ ತೊಡಿಸಿದೆ, ಶಾರ್ಟ್ ಹೋಯಿತು. ಮೂರು ಅಳತೆಯೂ ಸಮ.

ಈಗ ಓಡುತ್ತದೆ, ಆದರೆ ಶಕ್ತಿಯೇ ಇಲ್ಲ. ಮೇಲಿನ ಬಾಡಿ ತೆಗೆದು, ಗಾಲಿ ಮೇಲೆ ಮಾಡಿ ಹಿಡಿದು 12 ವೋಲ್ಟ್ ಕೊಟ್ಟರೆ 0.9 ಆಂಪಿಯರ್. ಎರಡು ನಿಮಿಷಕ್ಕೆ ಮೋಟಾರ್ ಮುಟ್ಟಲಾಗದಷ್ಟು ಬಿಸಿ. ಎರಡು ಬೋಗಿ ಹಾಕಿದರೆ ನಿಂತೇ ಬಿಡುತ್ತದೆ.

ಅಘನಾಶಿನಿ_ತೀರ (ಕುಮಟಾ)

ಮೋಟಾರ್ ಬಿಸಿಯಾಗುವುದಕ್ಕೆ ಎರಡು ಕಾರಣ ಇರಬಹುದು: ಚಾಸಿ ಬಿಗಿ, ಅಥವಾ ಮೋಟಾರೇ ಬಲಹೀನ. ಎರಡನ್ನೂ ಬೇರೆ ಮಾಡಿ ನೋಡದೆ ಮುಂದೆ ಹೋಗಬೇಡಿ. ಹಿಂದಿನ ಸ್ಕ್ರೂ ತೆಗೆದು ಮೋಟಾರ್ ಎತ್ತಿ. ವರ್ಮ್ (ಮೋಟಾರ್ ತುದಿಯ ಸ್ಕ್ರೂನಂಥ ಗೇರ್) ಬಿಟ್ಟ ಮೇಲೆ ಚಾಸಿಯನ್ನು ಸ್ವಲ್ಪ ಇಳಿಜಾರಾದ ಹಲಗೆ ಮೇಲೆ ಇಟ್ಟರೆ ತಾನಾಗಿ ಉರುಳಬೇಕು. ಒಂದೇ ಜಾಗದಲ್ಲಿ ಪ್ರತಿ ಸುತ್ತಿಗೂ ತಡೆದರೆ ಗಾಲಿಗಳನ್ನು ಜೋಡಿಸುವ ಕೂಡುದಂಡ ಬಗ್ಗಿದೆ, ಅಥವಾ ಅದು ಕೂರುವ ಎರಡು ಬದಿಯ ಕ್ರ್ಯಾಂಕ್ ಪಿನ್‌ಗಳ ನಡುವಿನ 90 ಡಿಗ್ರಿ ತಪ್ಪಿದೆ. ಮೋಟಾರನ್ನು ಬೇರೆಯಾಗಿ ಓಡಿಸಿ ಆಂಪಿಯರ್ ಬರೆದುಕೊಳ್ಳಿ.

ಯಾವ ಎಣ್ಣೆ ಹಾಕಿದ್ದೀರಿ? ನಮ್ಮ ಕಡೆ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ, ಅದನ್ನು ದಯವಿಟ್ಟು ಹಾಕಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಶಿರಸಿಯ ಚಳಿಗಾಲದ ಬೆಳಗ್ಗೆ ಬೇರಿಂಗಿನಲ್ಲಿ ಮೇಣವೇ ಆಗಿರುತ್ತದೆ. ಹೊಲಿಗೆ ಮಿಷನ್ ಎಣ್ಣೆ ಸಾಕು. ಸೂಜಿ ತುದಿಯಲ್ಲಿ ನಿಲ್ಲುವಷ್ಟು, ಎರಡು ಬೇರಿಂಗಿಗೆ ಒಂದೊಂದು ಹನಿ. ಕಮ್ಯುಟೇಟರಿಗೆ ಎಣ್ಣೆ ಸೋಕಬಾರದು.

ಕಾಳಿ_ದಂಡೆ

ಮಿಷನ್ ಎಣ್ಣೆಯೇ ಹಾಕಿದ್ದು. ಚಾಸಿ ಸರಾಗವಾಗಿ ಉರುಳುತ್ತದೆ. ಮೋಟಾರ್ ಒಂದೇ ಓಡಿಸಿದರೂ 0.85 ಆಂಪಿಯರ್.

ಶಿರಸಿ_ಓಓ

ಹಾಗಾದರೆ ಮ್ಯಾಗ್ನೆಟ್. ಕರೆಂಟ್ ಬಿಡದೆ ಆರ್ಮೇಚರನ್ನು ಬೆರಳಲ್ಲಿ ತಿರುಗಿಸಿ ನೋಡಿ. ಗಟ್ಟಿ ಮ್ಯಾಗ್ನೆಟ್ ಇದ್ದರೆ ಕಚ್ಚಿ ಕಚ್ಚಿ ತಿರುಗುತ್ತದೆ. ನಿಮ್ಮದು ನುಣ್ಣಗೆ ತಿರುಗುತ್ತಿರಬೇಕು.

ಬಿಚ್ಚುವಾಗ ಮ್ಯಾಗ್ನೆಟ್ ಹೊರಗೆ ತೆಗೆದಿರಲ್ಲ, ಆಗಲೇ ಆಗಿದ್ದು ಇದು. ಆ ಕಾಲದ ಅಲ್ನಿಕೊ (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆಸಿದ) ಜಾತಿಯ ಮ್ಯಾಗ್ನೆಟ್‌ಗೆ ಎರಡು ಧ್ರುವಗಳ ನಡುವೆ ಯಾವಾಗಲೂ ಕಬ್ಬಿಣದ ದಾರಿ ಇರಬೇಕು. ಮೋಟಾರಿನಲ್ಲಿದ್ದಾಗ ಧ್ರುವ ತಗಡು, ಆರ್ಮೇಚರ್ ಸೇರಿ ಆ ದಾರಿ ಮಾಡಿಕೊಡುತ್ತವೆ. ಬರಿದಾಗಿ ಹೊರಗೆ ತೆಗೆದರೆ ಬಲದ ಒಂದು ಪಾಲು ಹೋಗಿಯೇ ಹೋಗುತ್ತದೆ, ಮತ್ತೆ ಒಳಗಿಟ್ಟರೂ ಮರಳುವುದಿಲ್ಲ. ಹಳೆ ಹಾರ್ನ್‌ಬಿ ಡಬ್ಲೋ ಆಟಿಕೆ ಎಂಜಿನ್ ಇಟ್ಟುಕೊಂಡವರಿಗೂ ಇದೇ ಎಚ್ಚರಿಕೆ. ತೆಗೆಯಲೇಬೇಕಾದರೆ ಮೊದಲು ಎರಡು ಧ್ರುವಕ್ಕೂ ಅಡ್ಡ ಒಂದು ದಪ್ಪ ಕಬ್ಬಿಣದ ತುಂಡು ಕಚ್ಚಿಸಿ, ಆಮೇಲೆ ಜಾರಿಸಿ.

ಬಲ ಕಡಿಮೆಯಾದರೆ ಕರೆಂಟ್ ಯಾಕೆ ಜಾಸ್ತಿ ಅಂದರೆ: ತಿರುಗುವ ಆರ್ಮೇಚರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಒಳಬರುವ ಕರೆಂಟನ್ನು ತಡೆಯುತ್ತದೆ. ಮ್ಯಾಗ್ನೆಟ್ ಸೋತರೆ ಆ ತಡೆ ಸೋಲುತ್ತದೆ. ಕರೆಂಟ್ ನುಗ್ಗುತ್ತದೆ, ಆದರೆ ಎಳೆತವಾಗದೆ ಬಿಸಿಯಾಗುತ್ತದೆ. ಹೀಗೇ ಓಡಿಸುತ್ತಿದ್ದರೆ ಆರ್ಮೇಚರ್ ನಿಜವಾಗಿಯೂ ಸುಡುತ್ತದೆ.

ದಾರಿ ಎರಡು. ಮ್ಯಾಗ್ನೆಟೋ ರಿಪೇರಿ ಮಾಡುವ ಹಳೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮ್ಯಾಗ್ನೆಟ್ ಚಾರ್ಜ್ ಮಾಡುವ ಯಂತ್ರ ಇದ್ದರೆ, ಮೋಟಾರ್ ಬಿಚ್ಚದೆ ಇಡಿಯಾಗಿ ಇಟ್ಟು ಚಾರ್ಜ್ ಮಾಡಿಸುವುದು. ಸಂಗ್ರಹದ ದೃಷ್ಟಿಯಿಂದ ನನಗೆ ಇದೇ ಇಷ್ಟ, ಮೂಲ ಭಾಗ ಉಳಿಯುತ್ತದೆ. ಇಲ್ಲದಿದ್ದರೆ ನಿಯೋಡಿಮಿಯಂ, ಅಂದರೆ ಈಗಿನ ಬಲವಾದ ಮ್ಯಾಗ್ನೆಟ್. ಹಳೆ ಮ್ಯಾಗ್ನೆಟ್ಟಿನ ಜಾಗವನ್ನು ವರ್ನಿಯರಿನಲ್ಲಿ ಅಳೆದು ಅದಕ್ಕಿಂತ ಸಣ್ಣ ತುಂಡು ತನ್ನಿ. ಉಳಿದ ಸಂದಿಗೆ ಕಬ್ಬಿಣದ ಚೂರು ತುಂಬಿ. ಹಿತ್ತಾಳೆ, ಅಲ್ಯೂಮಿನಿಯಂ ನಡೆಯುವುದಿಲ್ಲ. ಪೇಟೆಯಲ್ಲಿ ಸಿಗುವ ಚಪ್ಪಟೆ ತುಂಡುಗಳ ಧ್ರುವ ಸಾಮಾನ್ಯವಾಗಿ ಅಗಲ ಮುಖಗಳಲ್ಲಿರುತ್ತದೆ, ಆ ಮುಖಗಳೇ ಎರಡು ಧ್ರುವ ತಗಡಿನ ಕಡೆ ನೋಡಬೇಕು. ಉಲ್ಟಾ ಕೂತರೆ ಎಂಜಿನ್ ಹಿಂದಕ್ಕೆ ಓಡುತ್ತದೆ, ತಿರುಗಿಸಿ ಇಟ್ಟರಾಯಿತು. ಕೈತಪ್ಪಿ ಕಬ್ಬಿಣಕ್ಕೆ ಬಡಿದರೆ ಒಡೆಯುತ್ತದೆ, ಜೋಪಾನ.

ಅಘನಾಶಿನಿ_ತೀರ

ಮಳೆಗಾಲದ ವಿಷಯವೂ ಸೇರಿಸುತ್ತೇನೆ, ಕರಾವಳಿಯಲ್ಲಿ ಇದನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ವ್ಯರ್ಥ. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರವಾರದ ಗಾಳಿ ಹೆಚ್ಚಾಗಿ ಅದಕ್ಕಿಂತ ಮೇಲೇ ಇರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕೂತ ಉಪ್ಪಿನ ಪುಡಿಯನ್ನು ಮೇ ತಿಂಗಳಲ್ಲೇ ಆಲ್ಕೊಹಾಲ್ ಹತ್ತಿಯಿಂದ ಗಾಲಿಯ ಅಂಚು, ಹಳಿ ಎರಡರಿಂದಲೂ ಒರೆಸಿ ತೆಗೆಯಿರಿ. ಟ್ರೈ-ಆಂಗ್‌ನ ಹಳೆ ಹಳಿ ಉಕ್ಕಿನದು. ಓಡಿಸಲು ನಿಕಲ್ ಸಿಲ್ವರ್ (ತುಕ್ಕು ಹಿಡಿಯದ ತಾಮ್ರದ ಬೆರಕೆ) ಹಳಿ ಹಾಕಿಕೊಂಡು ಹಳೆಯದನ್ನು ಡಬ್ಬಿಗೆ ಸೇರಿಸುವುದೇ ಸರಿ.

ಬಿಗಿ ಮುಚ್ಚಳದ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ಬಣ್ಣ ತಿರುಗಿದರೆ ಓವನ್‌ನಲ್ಲಿ ಸುಮಾರು 110 ಡಿಗ್ರಿಯಲ್ಲಿ ಒಂದೆರಡು ತಾಸು ಒಣಗಿಸಿ ಮತ್ತೆ ಇಡಿ. ಸ್ಪಂಜಿನಲ್ಲಿ ಸುತ್ತಬೇಡಿ, ಹಳತಾದರೆ ಅಂಟಾಗಿ ಬಣ್ಣಕ್ಕೆ ಮೆತ್ತಿಕೊಳ್ಳುತ್ತದೆ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಸತುವಿನ ಎರಕದ ಎಂಜಿನ್ ಇದ್ದರೆ ಭೂತಕನ್ನಡಿಯಲ್ಲಿ ಅಂಚುಗಳನ್ನು ನೋಡಿ. ಕೂದಲೆಳೆಯಂಥ ಬಿರುಕು, ಉಬ್ಬು ಕಂಡರೆ ಎರಕದಲ್ಲಿ ಸೀಸ ಬೆರೆತಿದೆ ಅಂತ ಅನುಮಾನಿಸಿ. ಅದಕ್ಕೆ ಮದ್ದಿಲ್ಲ. ತೇವ, ಸೆಖೆ ತಪ್ಪಿಸಿದರೆ ನಿಧಾನವಾಗುತ್ತದೆ ಅಷ್ಟೇ.

ಕಾಳಿ_ದಂಡೆ

ಚಾರ್ಜ್ ಮಾಡುವವರು ಸಿಗಲಿಲ್ಲ, ನಿಯೋಡಿಮಿಯಂ ಹಾಕಿದೆ. ಎರಡು ಬದಿಗೂ ಕಬ್ಬಿಣದ ಚೂರು. ಮೊದಲು ಹಿಂದಕ್ಕೆ ಓಡಿತು, ತಿರುಗಿಸಿ ಇಟ್ಟೆ. ಬರಿ ಮೋಟಾರ್ 12 ವೋಲ್ಟ್‌ಗೆ 0.25 ಆಂಪಿಯರ್, ಹತ್ತು ನಿಮಿಷ ಓಡಿದರೂ ಉಗುರುಬೆಚ್ಚಗೆ. ನಾಲ್ಕು ಬೋಗಿ ಎಳೆಯುತ್ತಿದೆ. ಹಳೆ ಮ್ಯಾಗ್ನೆಟ್ಟಿಗೆ ಕಬ್ಬಿಣದ ತುಂಡು ಕಚ್ಚಿಸಿ, ಚೀಟಿ ಬರೆದು ಅದೇ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇಬ್ಬರಿಗೂ ತುಂಬಾ ಧನ್ಯವಾದ.