ಅಪ್‌ಡೇಟ್: ಸಿಸೇರಿಯನ್ ಆದಮೇಲೆ ನಾರ್ಮಲ್ ಹೆರಿಗೆಗೆ ಪೆಲ್ವಿಸ್ ಅಳತೆ ಬೇಕಾ?

ಹೋದ ವಾರ ಕೇಳಿದ್ದೆ: ಮೊದಲನೆಯದು ಸಿಸೇರಿಯನ್, ಎರಡನೆಯದಕ್ಕೆ ಮುಂಚೆ ಎಕ್ಸ್‌ರೇ ತೆಗೆಸಿ ಸೊಂಟದ ಮೂಳೆ ಅಳೆಸಬೇಕಾ ಅಂತ. ಉತ್ತರ ಸಿಕ್ಕಿತು, ಬೇಡ.

ಕೆಲಸಕ್ಕೆ ಬಂದದ್ದು "ಹಳೇ ಆಪರೇಷನ್ ನೋಟ್ಸ್ ತರಿಸಿ" ಎಂದವರ ಸಲಹೆ. ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಕೊಟ್ಟರೆ ಪ್ರತಿ ಸಿಗುತ್ತದೆ. ಮುಖ್ಯವಾಗಿ ನೋಡಬೇಕಾದ್ದು ಗರ್ಭಕೋಶದ ಮೇಲಿನ ಕೊಯ್ತ. ಹೊಟ್ಟೆಯ ಚರ್ಮದ ಗುರುತು ನೋಡಿ ಅದನ್ನು ಹೇಳಲಾಗದು! ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದರೆ ನಾರ್ಮಲ್ ಹೆರಿಗೆಗೆ ಪ್ರಯತ್ನಿಸುವಾಗ ಗರ್ಭಕೋಶದ ಹಳೇ ಹೊಲಿಗೆ ಬಿಚ್ಚುವ ಅಪಾಯ ಸುಮಾರು 200ರಲ್ಲಿ 1. ಮೇಲೆ ಉದ್ದಕ್ಕೆ ಕೊಯ್ದಿದ್ದರೆ ನಾರ್ಮಲ್‌ಗೆ ಪ್ರಯತ್ನಿಸುವಂತಿಲ್ಲ. ಮೊದಲ ಸಿಸೇರಿಯನ್ ಯಾಕಾಯಿತು ಎಂಬ ಕಾರಣವೂ ಬೇಕು. ನಮ್ಮಲ್ಲಿ ಮಗು ಕಾಲು ಕೆಳಗಾಗಿತ್ತು, ದಾರಿ ಕಿರಿದಾಗಿರಲಿಲ್ಲ.

ಎತ್ತರ, ಚಪ್ಪಲಿ ಸೈಜ್ ನೋಡಿ ಸೊಂಟದ ಅಳತೆ ಅಂದಾಜಿಸುವುದು ಉಪಯೋಗವಿಲ್ಲ. ಎಕ್ಸ್‌ರೇ ಅಳತೆಯಿಂದ ಸಿಸೇರಿಯನ್ ಹೆಚ್ಚುತ್ತದೆಯೇ ಹೊರತು ಲಾಭ ಕಂಡಿಲ್ಲ. ನೋವು ಬಂದಾಗ ಕೀಲುಗಳು ಸಡಿಲವಾಗುತ್ತವೆ, ಮಗುವಿನ ತಲೆಯೂ ಒತ್ತಿ ಹೊಂದಿಕೊಳ್ಳುತ್ತದೆ. ಫಿಲ್ಮಿನಲ್ಲಿ ಅದು ಕಾಣದು.

ಗೊತ್ತಿರದ ಸಂಗತಿ: ಔಷಧಿ ಕೊಟ್ಟು ನೋವು ಬರಿಸಿದರೆ ಹೊಲಿಗೆ ಬಿಚ್ಚುವ ಅಪಾಯ ಎರಡು ಮೂರು ಪಟ್ಟು. ನೋವು ಬರಿಸುವ ಔಷಧಿಗಳಲ್ಲಿ ಮಿಸೊಪ್ರೊಸ್ಟಾಲ್ ಅಂತೂ ಕೂಡದು. ಆಸ್ಪತ್ರೆ ಆರಿಸುವಾಗ ಕೇಳಿ: ಮಗುವಿನ ಎದೆಬಡಿತ ಸತತವಾಗಿ ನೋಡ್ತೀರಾ, ರಾತ್ರಿಯೂ ತಕ್ಷಣ ಆಪರೇಷನ್, ರಕ್ತ ಸಿಗುತ್ತಾ? ಮೂರಕ್ಕೂ ಹೌದು ಎಂದ ಕಡೆಯೇ ಹೆಸರು ಬರೆಸಿದೆವು.